ಒಂದು ಗೀಟಿನ ಬೆಳ್ಳಿ ಬಳೆ

ಹೋದ ತಿಂಗಳು ಇಬ್ಬರು ಎಳೆಯ ಪಶುವೈದ್ಯರು ನನ್ನನ್ನು ನೋಡಲು ಮನೆಗೆ ಬಂದಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು. ದನ, ಎಮ್ಮೆ, ಕೋಳಿಗಳ ಬಗ್ಗೆ ಅವರಿಗೆ ನನಗಿಂತ ಹೆಚ್ಚು ಗೊತ್ತಿತ್ತು. ಹೊರಡುವ ಹೊತ್ತಿಗೆ ಅವರಲ್ಲಿ ಒಬ್ಬಾಕೆ, "ಸರ್, ಈಗ ಫಿಂಚ್ ಹಕ್ಕಿ ಸಾಕುವವರು ಬಹಳ ಬರ್ತಾರೆ. ಕಾಲಿಗೆ ಬಳೆ ತೊಡಿಸಬೇಕಾ ಬೇಡ್ವಾ ಅಂತ ಕೇಳ್ತಾರೆ. ನೀವು ಎಂತ ಹೇಳ್ತಿದ್ರಿ?" ಎಂದು ಕೇಳಿದರು.

ಬೇಕು ಅಥವಾ ಬೇಡ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಒಂದೂವರೆ ಗಂಟೆ ಮಾತಾಡಿದೆ. ಕೊನೆಗೂ ಆಕೆಯ ಮುಖದಲ್ಲಿ ಪ್ರಶ್ನೆ ಹಾಗೆಯೇ ಉಳಿದಿತ್ತು. ಆದ್ದರಿಂದ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮದರಾಸಿನಲ್ಲಿ ಓದುವಾಗ ನಮಗೊಬ್ಬ ಮೇಷ್ಟರಿದ್ದರು. ಕಂಡದ್ದನ್ನು ಕಂಡ ದಿನವೇ ಬರೆಯದಿದ್ದರೆ ಅದು ಕಂಡದ್ದಲ್ಲ, ಊಹಿಸಿದ್ದು ಎನ್ನುತ್ತಿದ್ದರು. ನಾನು ನೋಟುಪುಸ್ತಕಗಳನ್ನು ಇಟ್ಟಿದ್ದೆ. ಅವುಗಳಲ್ಲಿ ಎರಡನ್ನು ಗೆದ್ದಲು ತಿಂದಿದೆ. ಉಳಿದವನ್ನು ತೆರೆದಾಗ ನನಗೆ ಚೆನ್ನಾಗಿ ನೆನಪಿರುವ ಎಷ್ಟೋ ಸಂಗತಿಗಳು ಅಲ್ಲಿ ಬೇರೆ ರೀತಿಯಲ್ಲಿವೆ. ಎಲ್ಲಿ ಪುಸ್ತಕ ಮಾತಾಡುತ್ತಿದೆ, ಎಲ್ಲಿ ನಾನು ಮಾತಾಡುತ್ತಿದ್ದೇನೆ ಎಂದು ಆದಷ್ಟು ಹೇಳುತ್ತ ಹೋಗುತ್ತೇನೆ.

ನಾನು ಪುತ್ತೂರಿನ ಪಶು ಆಸ್ಪತ್ರೆಗೆ ಬಂದದ್ದು ಐವತ್ತರ ದಶಕದ ನಡುವೆ. ಸರಕಾರ ಮದರಾಸಿನದು ಹೋಗಿ ಮೈಸೂರಿನದು ಬಂತು, ಫಾರಂಗಳು ಮಾತ್ರ ಬಹಳ ಕಾಲ ಮದರಾಸಿನವೇ ಉಳಿದವು. ಸುಳ್ಯ, ಕಡಬ ಎಲ್ಲ ಆಗ ಪುತ್ತೂರು ತಾಲೂಕಿನೊಳಗೇ ಇದ್ದವು. ಅಷ್ಟು ಊರಿಗೂ ಒಬ್ಬ ಡಾಕ್ಟರ್, ಒಬ್ಬ ಕಂಪೌಂಡರ್, ಒಂದು ಸೈಕಲ್ಲು. ದೂರಕ್ಕೆ ಬಸ್ಸು ಹಿಡಿದು, ಸೈಕಲ್ಲನ್ನು ಬಸ್ಸಿನ ತಲೆಯ ಮೇಲೆ ಹಾಕಿಸಿ, ಇಳಿದ ಮೇಲೆ ತುಳಿಯುವುದು ಅಥವಾ ನೂಕುವುದು.

ಒಂದು ದಿನ ಮರ್ಕಂಜದಿಂದ ಒಬ್ಬರು ಬಂದರು. ಕುಶಾಲಪ್ಪ ಗೌಡರು ಎಂದು ಹೆಸರು. ಖಾಕಿ ಚಡ್ಡಿ, ಬಿಳಿ ಅಂಗಿ, ಇಸ್ತ್ರಿ ಹಾಕಿದ ಮಡಿಕೆ. ಕೊಡಗಿನ ಒಂದು ಕಾಫಿ ತೋಟದಲ್ಲಿ ಇಪ್ಪತ್ತು ವರ್ಷ ರೈಟರ್ ಆಗಿದ್ದವರು, ಅಂದರೆ ತೋಟದ ಗುಮಾಸ್ತರು. ತೋಟದ ಇಂಗ್ಲಿಷ್ ದೊರೆ ಅದನ್ನು ಮಾರಿ ತನ್ನ ದೇಶಕ್ಕೆ ಹೊರಟಾಗ ಕುರ್ಚಿ ಮೇಜುಗಳನ್ನು ಒಬ್ಬರಿಗೆ, ನಾಯಿಗಳನ್ನು ಒಬ್ಬರಿಗೆ ಕೊಟ್ಟು, ಹಕ್ಕಿಗಳನ್ನು ಗೌಡರಿಗೆ ಒಪ್ಪಿಸಿದ್ದ. ಗೌಡರು ಕೆಲಸ ಬಿಟ್ಟು, ಪಂಜರವನ್ನು ಗೋಣಿಯಿಂದ ಸುತ್ತಿ, ಸಂಪಾಜೆ ಘಾಟಿ ಇಳಿಸಿ ಊರಿಗೆ ತಂದಿದ್ದರು.

"ಎಂತ ಹಕ್ಕಿ?" ಎಂದು ಕೇಳಿದೆ.

"ದೊರೆ ಹಕ್ಕಿ ಅಂತ ನಮ್ಮ ಮನೆಯಲ್ಲಿ ಹೇಳುದು. ದೊರೆ ಫಿಂಚ್ ಅಂತಿದ್ರು. ತಂದದ್ದು ಹನ್ನೆರಡು, ಮೂರು ಬೇರೆ ಬೇರೆ ಗೂಡಿನದ್ದು. ಅದರಲ್ಲಿ ಕೆಲವು ಸತ್ತವು, ಕೆಲವು ಇಲ್ಲಿ ಹುಟ್ಟಿದವು. ಈಗ ಹನ್ನೊಂದು ಉಂಟು. ಮೊಟ್ಟೆ ಇಡ್ತವೆ, ಮರಿ ಆಗ್ತದೆ, ಪುಕ್ಕ ಬರುವ ಮೊದಲೇ ಸಾಯ್ತದೆ. ಒಂದು ವರ್ಷದಿಂದ ಒಂದು ಮರಿ ಉಳಿದಿಲ್ಲ ಡಾಕ್ಟ್ರೇ. ಇವು ಮುಗಿದ್ರೆ ಮತ್ತೆ ಎಲ್ಲಿಂದ ತರುದು? ಆ ದೊರೆ ಪುನಃ ಬರ್ತಾರಾ?"

ಅದು ಅವರ ಬದುಕಿನ ಪ್ರಶ್ನೆ ಅಂತ ನನಗೆ ಆಗ ತಿಳಿಯಲಿಲ್ಲ. ಗುಬ್ಬಿ ಗಾತ್ರದ ಹಕ್ಕಿಗಾಗಿ ಮರ್ಕಂಜದವರೆಗೆ ಹೋಗಬೇಕೇ ಎಂದುಕೊಂಡೆ. ಹೋದದ್ದು ಕುತೂಹಲದಿಂದ.

ಅವರ ಮನೆಯ ಪಕ್ಕದ ಹಳೆಯ ಹಟ್ಟಿಯನ್ನು ತಂತಿಬಲೆ ಹೊಡೆದು ಹಕ್ಕಿಮನೆ ಮಾಡಿದ್ದರು. ಮೂರು ಕೋಣೆ ಎಂದು ನೆನಪು. ಪುಸ್ತಕದ ನಕ್ಷೆಯಲ್ಲಿ ಎರಡೇ ಇವೆ, ಪುಸ್ತಕವನ್ನೇ ನಂಬೋಣ. ಬೂದು ಮೈ, ಕೆಂಪು ಕೊಕ್ಕು, ಗಂಡಿನ ಕೆನ್ನೆಯ ಮೇಲೆ ಕಿತ್ತಳೆ ಮಚ್ಚೆ, ಎದೆಯಲ್ಲಿ ಕಪ್ಪು ಬಿಳಿ ಪಟ್ಟೆ. ಜಾತ್ರೆಯಲ್ಲಿ ಮಕ್ಕಳು ಊದುವ ಪೀಪಿಯಂಥ ದನಿ. ಗೌಡರ ಹೆಂಡತಿ ಚಿನ್ನಮ್ಮ ಒಳಗೆ ನಿಂತು ನವಣೆ ಹಾಕುತ್ತಿದ್ದರು. ಹಕ್ಕಿಗಳು ಅವರ ತಲೆಯ ಮೇಲೆ, ಹೆಗಲ ಮೇಲೆ ಕೂತಿದ್ದವು.

ನಾನು ಪರೀಕ್ಷೆ ಮಾಡುತ್ತೇನೆಂದು ಒಂದು ಹೆಣ್ಣನ್ನು ಹಿಡಿದೆ. ದನದ ಮೂಗುದಾಣ ಹಿಡಿದು ರೂಢಿಯಾದ ಕೈ. ಅರ್ಧ ನಿಮಿಷದಲ್ಲಿ ಹಕ್ಕಿ ಕೊಕ್ಕು ತೆರೆದು, ಕಣ್ಣು ಮುಚ್ಚಿ, ಕತ್ತು ಚೆಲ್ಲಿತು. ನಾನು ಅದರ ಎದೆಯನ್ನು ಒತ್ತಿ ಹಿಡಿದಿದ್ದೆ. ಹಕ್ಕಿಯ ಎದೆ ಏಳದಿದ್ದರೆ ಅದಕ್ಕೆ ಉಸಿರಿಲ್ಲ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ.

ಚಿನ್ನಮ್ಮ ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಅಂಗೈ ಮೇಲೆ ಮಲಗಿಸಿ ಗಾಳಿ ಬೀಸಿದರು. ಹಕ್ಕಿ ಕಣ್ಣು ಬಿಟ್ಟಿತು. "ಹಾಲು ಕರೆಯುವ ಕೈ ಬೇಡ ಡಾಕ್ಟ್ರೇ," ಎಂದರು. "ಹೂ ಕಟ್ಟುವ ಕೈ ಬೇಕು."

ಎಳೆಯ ವೈದ್ಯರೇ, ಇದು ಮೊದಲನೆಯದು. ಕತ್ತು ಎರಡು ಬೆರಳ ನಡುವೆ, ಬೆನ್ನು ಅಂಗೈಗೆ, ಎದೆ ಬಿಡುವಾಗಿ. ಬಳೆಯ ಅಪಾಯ ಶುರುವಾಗುವುದು ಬಳೆಯಿಂದಲ್ಲ, ಹಿಡಿಯುವ ಕೈಯಿಂದ.

ರೋಗ ಎಂದು ಹೇಳುವಂಥದ್ದು ನನಗೆ ಕಾಣಲಿಲ್ಲ. ಆದರೆ ಹಕ್ಕಿಗಳು ಒಂದರ ಹಾಗೆ ಒಂದು ಇದ್ದವು. ಯಾವುದು ತಾಯಿ, ಯಾವುದು ಮಗಳು, ಯಾವುದು ಯಾರ ಅಣ್ಣ, ಗೌಡರಿಗೆ ಗೊತ್ತಿರಲಿಲ್ಲ. ಅಣ್ಣ ತಂಗಿಯೇ ಜೋಡಿಯಾಗಿ ಮರಿ ದುರ್ಬಲವಾಗುತ್ತಿರಬೇಕು ಎಂದು ನನ್ನ ಅನುಮಾನ. ಕಾಲಿಗೆ ಗುರುತಿನ ಬಳೆ ಹಾಕಿ, ಒಂದು ವರ್ಷ ಬರೆದಿಟ್ಟು ನೋಡೋಣ ಎಂದೆ.

"ಗುರುತು ಎಂತಕ್ಕೆ?" ಎಂದರು ಚಿನ್ನಮ್ಮ. "ನನಗೆ ಎಲ್ಲ ಗೊತ್ತುಂಟು. ಅದು ಕುಂಟುವ ಅಜ್ಜಿ, ಇದು ಅದರ ಮಗ, ಅಲ್ಲಿ ಬಡಾಯಿ ಮಾಡುವವ ಆಚೆ ಗೂಡಿನವ."

ಗೌಡರು ನನ್ನ ಕಡೆ ತಿರುಗಿ, "ಇವಳಿಗೆ ದನ ಎಲ್ಲ ಗೊತ್ತು, ಕೋಳಿ ಎಲ್ಲ ಗೊತ್ತು. ನಾನು ಸಂತೆಯಲ್ಲಿ ಸಿಕ್ಕಿದ್ರೆ ಮಾತ್ರ ಗೊತ್ತಾಗುದಿಲ್ಲ," ಎಂದರು.

ನಾನು ನಂಬಲಿಲ್ಲ. ಬಳೆ ಹಾಕುವ ದಿನ ಅವರು ಹೇಳಿದ ಹೆಸರು, ಗೂಡುಗಳನ್ನೆಲ್ಲ ಆಯಾ ಬಳೆಯ ಗುರುತಿನೆದುರು ಬರೆದುಕೊಂಡೆ. ಬಳೆ ಹಾಕಿ ಎರಡು ತಿಂಗಳಾದ ಮೇಲೆ ಅವರನ್ನು ಪರೀಕ್ಷೆಗೇ ಕೂರಿಸಿದೆ. ಒಂದೊಂದೇ ಹಕ್ಕಿಯನ್ನು ಹಿಡಿದು, ಕಾಲನ್ನು ಬೆರಳಲ್ಲಿ ಮುಚ್ಚಿ, ತಲೆ ಮಾತ್ರ ತೋರಿಸಿ ಇದು ಯಾವುದು ಎಂದು ಕೇಳಿದೆ. ಹನ್ನೊಂದರಲ್ಲಿ ಹತ್ತನ್ನು ಸರಿಯಾಗಿ ಹೇಳಿದರು ಎಂದು ಎಷ್ಟೋ ಕಡೆ ಭಾಷಣ ಮಾಡಿದ್ದೇನೆ. ಪುಸ್ತಕದಲ್ಲಿ ಒಂಬತ್ತು ಎಂದಿದೆ. ತಪ್ಪಿದ್ದು ಎರಡು ಹೆಣ್ಣುಗಳಲ್ಲಿ. ಅದಲುಬದಲು ಹೇಳಿದ್ದರು. ಮರಿ ಸಾಯುತ್ತಿದ್ದುದು ಆ ಎರಡು ಹೆಣ್ಣುಗಳ ಗೂಡಿನಲ್ಲಿಯೇ. ಆದ್ದರಿಂದ ಬಳೆ ಬೇಕಿತ್ತು. ಆದರೆ ಒಂಬತ್ತನ್ನು ಬಳೆಯಿಲ್ಲದೆ ಗುರುತಿಸುವವರೂ ಇದ್ದಾರೆ ಎಂಬುದನ್ನು ನಾನು ಪುಸ್ತಕದಲ್ಲಿ ಅಡಿಗೆರೆ ಹಾಕಿ ಬರೆದಿದ್ದೇನೆ.

ಈಗ ಬಳೆಯ ವಿಷಯ. ಅಂಥ ಬಳೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಪುತ್ತೂರಿನ ಪೇಟೆಯಲ್ಲಿ ವಾಸು ಆಚಾರಿ ಎಂಬ ಅಕ್ಕಸಾಲಿ ಇದ್ದರು. ಕೆಲಸದಲ್ಲಿ ಗಟ್ಟಿಗರು, ಮಾತಿನಲ್ಲಿ ಇನ್ನೂ ಗಟ್ಟಿಗರು. ಫಿಂಚ್ ಕಾಲಿನ ಅಳತೆಗೆ ಒಂದು ಕಡ್ಡಿ ಕೊಟ್ಟು, ಹನ್ನೊಂದು ಬಳೆ ಬೇಕು, ಎಲ್ಲದಕ್ಕೂ ಬೇರೆ ಬೇರೆ ಗುರುತು ಇರಲಿ ಎಂದೆ.

"ಹಕ್ಕಿಗೆ ಬಳೆಯಾ ಡಾಕ್ಟ್ರೇ? ಮೂಗುತಿ ಬೇಡವಾ?"

"ಸದ್ಯಕ್ಕೆ ಬಳೆ ಸಾಕು."

"ಬೆಳ್ಳಿಯಲ್ಲಿ ಮಾಡ್ತೇನೆ. ಹಿತ್ತಾಳೆ ಮೈಗೆ ಆಗುದಿಲ್ಲ. ಚೂರುಗಳು ಉಂಟು, ಅದು ನನ್ನದೇ ಇರಲಿ."

ಅಂಕಿ ಕೊರೆಯಲು ಜಾಗವಿಲ್ಲ. ಆಚಾರಿ ತಾವೇ ಒಂದು ಲಿಪಿ ಮಾಡಿದರು. ಒಂದಕ್ಕೆ ಒಂದು ಚುಕ್ಕೆ, ಐದಕ್ಕೆ ಒಂದು ಗೀಟು. ಆರಾದರೆ ಗೀಟಿನ ಪಕ್ಕ ಒಂದು ಚುಕ್ಕೆ. ನಾನು ಮೆಚ್ಚಿದೆ. ಬಳೆಗಳನ್ನು ಹತ್ತಿಯಲ್ಲಿ ಇಟ್ಟು ಕೊಟ್ಟರು. ಅಷ್ಟು ಅಂದವಾಗಿದ್ದವು. ತುದಿಗಳು ಒಂದರ ಮೇಲೊಂದು ಸ್ವಲ್ಪ ಹಾದುಹೋಗಿದ್ದವು ಎಂಬುದನ್ನು ನೋಡಿದ್ದೆ. ನೋಡಿದ್ದೆ ಎಂಬುದೇ ನನ್ನ ತಪ್ಪು. ನೋಡದೆ ಇದ್ದಿದ್ದರೆ ಅಜ್ಞಾನ ಎನ್ನಬಹುದಿತ್ತು.

ಬಳೆ ಹಾಕಿದ ಎರಡೂವರೆ ತಿಂಗಳಲ್ಲಿ, ಬಡಾಯಿ ಮಾಡುವವ ಎಂದು ಚಿನ್ನಮ್ಮ ಹೆಸರಿಟ್ಟಿದ್ದ ಗಂಡು, ಗೂಡಿನ ತೆಂಗಿನ ನಾರಿಗೆ ಬಳೆ ಸಿಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು. ಬೆಳಗ್ಗೆ ಗೌಡರು ಕಂಡಾಗ ಜೀವವಿತ್ತು, ಕಾಲು ಮುರಿದು ಕಪ್ಪಾಗಿತ್ತು. ಅದನ್ನು ಹತ್ತಿಯ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಪುತ್ತೂರಿಗೆ ತಂದರು. ನಾನು ಕಾಲನ್ನು ಕತ್ತರಿಸಬೇಕಾಯಿತು. ಹಕ್ಕಿ ಬದುಕಿತು. ವಾರದೊಳಗೆ ಒಂಟಿಕಾಲಲ್ಲಿ ನಿಂತು ಪೀಪಿ ಊದುತ್ತಿತ್ತು. "ಬಡಾಯಿ ಕಾಲಲ್ಲಿ ಇರುದಿಲ್ಲ ಅಂತ ಗೊತ್ತಾಯ್ತು," ಎಂದರು ಚಿನ್ನಮ್ಮ.

ನಾನು ಕತ್ತರಿಸಿದ ಬಳೆಯನ್ನು ತೆಗೆದುಕೊಂಡು ಆಚಾರಿಯ ಹತ್ತಿರ ಹೋದೆ. ಸಿಟ್ಟು ಬಂದಿತ್ತು.

"ತುದಿ ಏಕೆ ಹೀಗೆ ಬಿಟ್ಟಿರಿ?"

"ಮತ್ತೆ ಹೇಗೆ ಮಾಡುದು? ಮಗುವಿನ ಕಾಲಿನ ಕಡಗ ಹೀಗೇ ಮಾಡುದು ನಾವು. ಮಗು ಬೆಳೀತದೆ, ತುದಿ ಜಾರಿಸಿ ದೊಡ್ಡದು ಮಾಡಬಹುದು. ಬಿಗಿದು ಕೂತ್ರೆ ಮಗುವಿಗೆ ನೋವಾಗುದಿಲ್ಲವಾ? ನನ್ನ ಅಪ್ಪ ಕಲಿಸಿದ್ದು."

"ಹಕ್ಕಿ ಬೆಳೆದಾಗಿದೆ ಆಚಾರಿಯವರೇ. ಅದರ ಕಾಲು ಇನ್ನು ದಪ್ಪ ಆಗುವುದಿಲ್ಲ."

ಅವರು ಬಳೆಯನ್ನು ಬೆಳಕಿಗೆ ಹಿಡಿದು ತುದಿಯ ಮೇಲೆ ಬೆರಳಾಡಿಸಿದರು. ಅಲ್ಲೊಂದು ನಾರಿನ ಎಳೆ ಇನ್ನೂ ಸಿಕ್ಕಿಕೊಂಡಿತ್ತು. "ಅದನ್ನು ನೀವು ನನಗೆ ಹೇಳಲಿಲ್ಲ," ಎಂದರು. ಸಿಟ್ಟಿನಿಂದಲ್ಲ. ಅದು ನಿಜ. ನಾನು ಅಳತೆಯ ಕಡ್ಡಿ ಕೊಟ್ಟಿದ್ದೆ, ಹಕ್ಕಿಯ ಬದುಕನ್ನು ಹೇಳಿರಲಿಲ್ಲ. ಅವರು ಪ್ರೀತಿಯಿಂದಲೇ ಮಾಡಿದ್ದ ಬಳೆ ಅದು. ಕುಶಲಕರ್ಮಿಗೆ ಕೆಲಸ ಹೇಳುವಾಗ ವಸ್ತುವಿನ ಅಳತೆ ಮಾತ್ರ ಹೇಳಬೇಡಿ. ಅದು ಎಲ್ಲಿ ಕೂರುತ್ತದೆ, ಎಂತದಕ್ಕೆ ಉಜ್ಜುತ್ತದೆ ಎಂದೂ ಹೇಳಿ.

ಉಳಿದ ಹತ್ತು ಬಳೆಗಳನ್ನು ತೆಗೆಯುವುದು ಹಾಕುವುದಕ್ಕಿಂತ ಕಷ್ಟವಾಯಿತು. ಒಂದು ಹೆಣ್ಣಿನ ಕಾಲಲ್ಲಿ ಬಳೆಯ ಕೆಳಗೆ ಹಿಕ್ಕೆ ಒಣಗಿ, ಚರ್ಮ ಊದಿ, ಬೆಳ್ಳಿ ಮಾಂಸದೊಳಗೆ ಹೂತಿತ್ತು. ಆಚಾರಿ ತಮ್ಮ ಸಣ್ಣ ಇಕ್ಕಳ ಕೊಟ್ಟರು, ಆಮೇಲೆ ಇಕ್ಕಳದ ಹಿಂದೆ ತಾವೂ ಬಂದರು. ನಾನು ಹಕ್ಕಿ ಹಿಡಿದೆ, ಅವರು ಬಳೆ ಬಿಡಿಸಿದರು. ಆಚಾರಿಯ ಬೆರಳುಗಳನ್ನು ಆ ದಿನ ಕಂಡವರು ಶಸ್ತ್ರಚಿಕಿತ್ಸೆಯನ್ನು ಅಕ್ಕಸಾಲೆಯಲ್ಲಿ ಕಲಿಸಬೇಕು ಎನ್ನುತ್ತಿದ್ದರು. ಅವರು ತಾವೇ ಯೋಚಿಸಿ ಬೇರೆ ಉಪಾಯ ಹೇಳಿದರು. ದೊಡ್ಡ ಹಕ್ಕಿಗಳಿಗೆ ತುದಿಗೆ ತುದಿ ಕೂಡುವ, ಉಗುರು ಹೋಗದಷ್ಟು ನಯವಾದ ಬಳೆ. ಮರಿಗಳಿಗೆ ತುದಿಯೇ ಇಲ್ಲದ್ದು. ಸರಕ್ಕೆ ಪೋಣಿಸುವ ಕೊಳವೆ ಮಣಿಯನ್ನು ಅವರು ಮಾಡುತ್ತಿದ್ದರಲ್ಲ, ಆ ಕೊಳವೆಯನ್ನೇ ತೆಳುವಾಗಿ ಕೊಯ್ದು ಅಂಚು ಉಜ್ಜಿದ್ದು. ಮರಿಯ ಬೆರಳು ಮೆತ್ತಗಿರುವಾಗ, ಏಳನೆಯ ದಿನದಿಂದ ಹತ್ತನೆಯ ದಿನದೊಳಗೆ, ಪಾದದಿಂದ ನುಸುಳಿಸಬೇಕು. ಮೊದಲು ಹಾಕಿದರೆ ಬಿದ್ದುಹೋಗುತ್ತದೆ, ಆಮೇಲೆ ಹೋಗುವುದೇ ಇಲ್ಲ. ಸಮಯಕ್ಕೆ ಹಾಕಿದರೆ ಅದು ಹಕ್ಕಿಯ ಜೀವಮಾನದ ಹೆಸರು.

ಈ ನಡುವೆ ಜಿಲ್ಲೆಯ ಮೇಲಧಿಕಾರಿಗಳು ತಪಾಸಣೆಗೆ ಬಂದರು. ನನ್ನ ಪ್ರವಾಸ ದಿನಚರಿಯನ್ನು ತಿರುವಿ ಹಾಕುತ್ತ ಒಂದು ಕಡೆ ಬೆರಳಿಟ್ಟರು.

"ಮರ್ಕಂಜ, ಹಕ್ಕಿ. ಮರ್ಕಂಜ, ಹಕ್ಕಿ. ಇದೇನ್ರೀ?"

"ಫಿಂಚ್ ಸರ್. ವಂಶ ಕಾಪಾಡುವ ಪ್ರಯತ್ನ."

"ನಿಮ್ಮ ವಂಶ ಕಾಪಾಡಿಕೊಳ್ಳಿ ಮೊದಲು. ಇಡೀ ತಾಲೂಕಿನ ದನಕ್ಕೆ ಚುಚ್ಚುಮದ್ದು ಬಾಕಿ ಇದೆ. ಗುಬ್ಬಿಗೆ ಬಳೆ ತೊಡಿಸ್ತಾ ಕೂತಿದೀರಾ?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಂದಿನಿಂದ ನಾನು ಮರ್ಕಂಜಕ್ಕೆ ದನದ ಚುಚ್ಚುಮದ್ದಿನ ಹೆಸರಿನಲ್ಲಿ ಹೋದೆ. ಚುಚ್ಚುಮದ್ದನ್ನೂ ಹಾಕಿದೆ. ಆ ಊರಿನಷ್ಟು ಚೆನ್ನಾಗಿ ಚುಚ್ಚುಮದ್ದು ಬಿದ್ದ ಊರು ತಾಲೂಕಿನಲ್ಲಿ ಬೇರೆ ಇರಲಿಕ್ಕಿಲ್ಲ.

ವರ್ಷ ಕಳೆದ ಮೇಲೆ ಬಳೆಯ ಬರಹ ನನಗೆ ಉತ್ತರ ಕೊಟ್ಟಿತು. ನನ್ನ ಅನುಮಾನ ಸರಿಯಾಗಿತ್ತು. ಚಿನ್ನಮ್ಮ ಅದಲುಬದಲು ಮಾಡಿದ್ದ ಆ ಎರಡು ಹೆಣ್ಣುಗಳೂ ತಮ್ಮ ಗೂಡಿನದೇ ಗಂಡುಗಳ ಜೊತೆ ಕೂಡಿದ್ದವು. ನಾವು ಜೋಡಿ ಒಡೆದು, ಒಂದು ಹೆಣ್ಣನ್ನು ಆಚೆ ಗೂಡಿನ ಒಂಟಿಕಾಲಿನ ಬಡಾಯಿಯ ತಮ್ಮನ ಜೊತೆ ಬೇರೆ ಕೋಣೆಗೆ ಹಾಕಿದೆವು. ಹೆಣ್ಣು ಎರಡು ವಾರ ಸಿಟ್ಟಿನಲ್ಲಿ ಮೂಲೆಗೆ ಕೂತಿತು. ಆಮೇಲೆ ಗೂಡು ಕಟ್ಟಿತು.

ಐದು ಮೊಟ್ಟೆ, ಐದೂ ಒಡೆದವು. ಐದು ಮರಿಗಳೂ ದಪ್ಪನಾಗಿದ್ದವು. ಗೌಡರು ಒಂದು ಕಾರ್ಡು ಬರೆದರು. ಅದು ನನ್ನ ಹತ್ತಿರ ಇದೆ: "ಐದೂ ಹೊಟ್ಟೆ ತುಂಬ ತಿನ್ನುತ್ತಿವೆ. ಇನ್ನು ಮೂರು ದಿನಕ್ಕೆ ಎಂಟನೆಯ ದಿನ. ಬಳೆ ತನ್ನಿ."

ಹೋದೆ. ಆಚಾರಿ ಆ ಐದು ಬಳೆಗಳನ್ನು ಅವರಿಗೇ ಹೆಮ್ಮೆಯಾಗುವಷ್ಟು ಹೊಳೆಯುವಂತೆ ಮಾಡಿಕೊಟ್ಟಿದ್ದರು. ಮೊದಲಿನ ಬರಹವನ್ನು ಮುಗಿಸಿ ಹೊಸ ಪೀಳಿಗೆಗೆ ಹೊಸದಾಗಿ ಶುರು ಮಾಡಿದ್ದೆವು. ಒಂದು ಚುಕ್ಕೆಯಿಂದ ನಾಲ್ಕು ಚುಕ್ಕೆ, ಕೊನೆಯದಕ್ಕೆ ಒಂದು ಗೀಟು. ಅದು ಐದನೆಯ ಮರಿಯದು, ಎಲ್ಲಕ್ಕಿಂತ ಸಣ್ಣದು. ತುದಿಯಿಲ್ಲದ, ಒಂದೇ ಗೀಟಿನ ಬಳೆ ಅದೊಂದೇ. ಹೂ ಕಟ್ಟುವ ಕೈಯಲ್ಲಿ ಮರಿಗಳನ್ನು ಹಿಡಿದು, ಬೆರಳಿಗೆ ಸ್ವಲ್ಪ ಎಣ್ಣೆ ಸವರಿ, ಬಳೆ ನುಸುಳಿಸಿ, ಗೂಡಿಗೆ ಬಿಟ್ಟೆ. ಒಂದೂ ಕೂಗಲಿಲ್ಲ. ನನಗೆ ಬಹಳ ಸಮಾಧಾನವಾಯಿತು. ಊಟಕ್ಕೆ ಕೂತೆವು.

ಊಟ ಮುಗಿಸಿ ಬಂದು ನೋಡಿದಾಗ ಗಂಡುಹಕ್ಕಿ ಗೂಡಿನ ಬಾಯಲ್ಲಿ ನಿಂತು ಏನನ್ನೋ ಎಳೆಯುತ್ತಿತ್ತು. ಕೊಕ್ಕಿನಲ್ಲಿ ಬೆಳ್ಳಿ ಮಿಂಚಿತು. ಬಳೆಯ ಹಿಂದೆ ಕಾಲು, ಕಾಲಿನ ಹಿಂದೆ ಮರಿ. ನಾವು ಬಾಗಿಲು ತೆರೆಯುವುದರೊಳಗೆ ಅದು ಮರಿಯನ್ನು ಹೊರಗೆ ಹಾಕಿ, ಕೊಕ್ಕು ಒರೆಸಿಕೊಂಡು ಮತ್ತೆ ಒಳಗೆ ಹೋಯಿತು. ನೆಲ ಕಲ್ಲಿನದು. ಅಷ್ಟು ಹೊತ್ತಿಗೆ ಗೂಡು ಖಾಲಿಯಾಗಿತ್ತು.

ಆಮೇಲೆ ಗೊತ್ತಾಯಿತು. ಮರಿಗಳ ಹಿಕ್ಕೆ ಬೆಳ್ಳಗೆ ಹೊಳೆಯುವ ಸಣ್ಣ ಗಂಟಿನ ಹಾಗಿರುತ್ತದೆ. ಅಪ್ಪ ಅಮ್ಮ ಅದನ್ನು ಕಚ್ಚಿ ಹೊರಗೆ ಎಸೆದು ಗೂಡನ್ನು ಚೊಕ್ಕಟ ಇಡುತ್ತವೆ. ಆ ಅಪ್ಪ ಒಳ್ಳೆಯ ಅಪ್ಪ. ಗೂಡಿನಲ್ಲಿ ಹೊಳೆಯುವ ಕಸ ಕಂಡಿತು, ಗುಡಿಸಿತು. ಕಸಕ್ಕೆ ಮರಿ ಅಂಟಿಕೊಂಡಿದ್ದು ಅದರ ತಪ್ಪಲ್ಲ.

ನೆಲದಲ್ಲಿ ನಾಲ್ಕು ಮರಿಗಳು ಸಿಕ್ಕಿದವು. ನಾಲ್ಕೂ ಸತ್ತಿದ್ದವು. ಐದನೆಯದಕ್ಕೆ ನಾನೂ ಗೌಡರೂ ಮೂಲೆ ಮೂಲೆ ಹುಡುಕಿದೆವು. ಸಿಗಲಿಲ್ಲ. ಹಂಚಿನ ಮಾಡಿನ ಸಂದಿಯಲ್ಲಿ ಇಲಿಯ ಬಿಲವಿತ್ತು, ಅದು ಒಯ್ದಿರಬೇಕೆಂದುಕೊಂಡೆವು. ನಾನು ಜಗಲಿಯಲ್ಲಿ ಕೂತು ಪುಸ್ತಕ ತೆಗೆದು ಬರೆದೆ: "ಐದೂ ಸತ್ತವು. ಕಾರಣ: ಬಳೆ." ಗೌಡರು ಅದನ್ನು ಓದಿದರು. ಹೆಂಡತಿಗೆ ಓದಿ ಹೇಳಿದರು. ಚಿನ್ನಮ್ಮ ಒಳಗೆ ಹೋದರು.

ಗೌಡರು ನನ್ನನ್ನು ರಸ್ತೆಯವರೆಗೆ ಬಿಡಲು ಬಂದರು. ನನ್ನ ಸೈಕಲ್ಲನ್ನು ತಾವೇ ನೂಕಿದರು. ಕೊನೆಗೆ, "ಒಂದು ಮಾತು ಉಂಟು ಡಾಕ್ಟ್ರೇ. ಇಷ್ಟು ವರ್ಷ ಮರಿ ತನ್ನಿಂದ ತಾನೇ ಸಾಯ್ತಿತ್ತು. ಇವು ಗಟ್ಟಿ ಇದ್ದವು. ನಿಮ್ಮ ಜೋಡಿ ಸರಿ ಉಂಟು. ಬರುದು ಬಿಡಬೇಡಿ," ಎಂದರು.

ನಾನು ಬಿಟ್ಟೆ. ಮೂರೂವರೆ ತಿಂಗಳು ಮರ್ಕಂಜದ ಕಡೆ ಹೋಗಲಿಲ್ಲ. ದನದ ಜ್ವರದ ನೆಪ ಹೇಳಬಹುದು, ಜ್ವರ ಇದ್ದದ್ದೂ ಹೌದು. ಆದರೆ ನಿಜವಾದ ಕಾರಣ ನಾಚಿಕೆ. ಅದನ್ನು ಪುಸ್ತಕದಲ್ಲಿ ಬರೆದಿಲ್ಲ.

ಮತ್ತೆ ಹೋದದ್ದು ಗೌಡರ ಇನ್ನೊಂದು ಕಾರ್ಡು ಬಂದ ಮೇಲೆ. ಅದೇ ಜೋಡಿ, ಈ ಸಲ ನಾಲ್ಕು ಮರಿ. ನಾನು ಬಳೆ ತಂದಿರಲಿಲ್ಲ. ಬಳೆ ಬೇಡ, ಹೀಗೇ ಬೆಳೆಯಲಿ ಎಂದೆ. ಚಿನ್ನಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

"ಬಳೆ ಇಲ್ಲದಿದ್ರೆ ಮತ್ತೆ ಅಣ್ಣ ತಂಗಿ ಅಂತ ಯಾರಿಗೆ ಗೊತ್ತಾಗುದು? ನನಗಂತೂ ಎರಡು ತಪ್ಪಿದೆ, ನೀವೇ ಬರೆದಿದ್ದೀರಿ. ಬಳೆ ಹಾಕಿ. ಅದಕ್ಕೆ ಕಾಡಿಗೆ ಹಚ್ಚಿ."

"ಕಾಡಿಗೆ ಎಂತಕ್ಕೆ?"

"ಚಿಕ್ಕ ಮಕ್ಕಳಿಗೆ ಚಿನ್ನ ಬೆಳ್ಳಿ ಹಾಕಿದ್ರೆ ಕೆನ್ನೆಗೊಂದು ಕಪ್ಪು ಬೊಟ್ಟು ಇಡುದಿಲ್ಲವಾ? ದೃಷ್ಟಿ ಆಗಬಾರದು ಅಂತ. ಹೊಳೆಯುವುದು ಎಲ್ಲರ ಕಣ್ಣಿಗೆ ಬೀಳ್ತದೆ. ಅಪ್ಪನ ಕಣ್ಣಿಗೂ."

ಎಣ್ಣೆದೀಪದ ಮಸಿಯನ್ನು ತುಪ್ಪದಲ್ಲಿ ಕಲಸಿದ ಕಾಡಿಗೆ. ನನ್ನ ಓದು ಒಳಗೊಳಗೆ ನಕ್ಕಿತು. ಆದರೆ ಹೊಳಪು ಮುಚ್ಚುವುದು ಯುಕ್ತಿಗೆ ಸರಿಯಾಗಿ ಕೂರುತ್ತಿತ್ತು. ಚಿನ್ನಮ್ಮನ ದನಿಯಲ್ಲಿ ಒಂದು ಧೈರ್ಯ ಇತ್ತು. ಮಾಡಿ ನೋಡೋಣ ಎಂಬ ಧೈರ್ಯವಲ್ಲ, ಮಾಡಿ ಕಂಡ ಧೈರ್ಯ. ಅದನ್ನು ನಾನು ಆಗ ಗಮನಿಸಲಿಲ್ಲ.

ನಾನು ಮರುದಿನ ಆಚಾರಿಯಿಂದ ಬಳೆ ತಂದೆ. ಈ ಸಲದ ಬಳೆಗಳು ಆರರಿಂದ ಮೇಲೆ, ಗೀಟಿನ ಪಕ್ಕ ಚುಕ್ಕೆ ಇದ್ದವು. ಹೊಳಪು ತೆಗೆದು, ಕಾಡಿಗೆ ಬಳಿದು ತೊಡಿಸಿದೆವು. ಆ ದಿನ ಊಟಕ್ಕೆ ಕೂರಲಿಲ್ಲ. ಸಂಜೆಯವರೆಗೆ ತಂತಿಬಲೆಗೆ ಮುಖ ಒತ್ತಿ ನಿಂತೆ. ಅಪ್ಪ ಬಂದಿತು, ಬಗ್ಗಿ ನೋಡಿತು, ಬಿಳಿ ಹಿಕ್ಕೆಯ ಗಂಟೊಂದನ್ನು ಕಚ್ಚಿ ಹೊರಗೆ ಎಸೆಯಿತು. ಬಳೆಯ ತಂಟೆಗೆ ಹೋಗಲಿಲ್ಲ. ನಾಲ್ಕೂ ಮರಿಗಳು ಪುಕ್ಕ ಬಂದು, ಗೂಡಿನಿಂದ ಇಳಿದು, ಪೀಪಿ ಊದಿದವು.

ದೃಷ್ಟಿ ತಾಗಲಿಲ್ಲವೋ, ಹೊಳಪು ಕಾಣಲಿಲ್ಲವೋ, ಹಕ್ಕಿ ಏನೂ ಹೇಳಲಿಲ್ಲ. ನನ್ನದೊಂದು ಅಭಿಪ್ರಾಯ ಇದೆ, ಚಿನ್ನಮ್ಮನದೊಂದು ಇತ್ತು. ಕಾಡಿಗೆ ಒಂದೇ.

ಮೂರು ವರ್ಷದಲ್ಲಿ ಗೌಡರ ಮನೆಯಲ್ಲಿ ಜಾಗ ಸಾಲದೆ ಹಕ್ಕಿಗಳನ್ನು ಸ್ನೇಹಿತರಿಗೆ ಕೊಡಲು ಶುರು ಮಾಡಿದರು. ಕೊಡುವಾಗ ಯಾವ ಬಳೆಯ ಗಂಡಿಗೆ ಯಾವ ಬಳೆಯ ಹೆಣ್ಣು ಆಗಬಾರದು ಎಂದು ಚೀಟಿ ಬರೆದು ಕೊಡುತ್ತಿದ್ದರು. ಜಾತಕ ನೋಡುವ ಕೆಲಸ ಶುರುವಾಯಿತು ಎಂದು ಊರಿನವರು ತಮಾಷೆ ಮಾಡುತ್ತಿದ್ದರಂತೆ. ಅದೇ ಮೇಲಧಿಕಾರಿಗಳು ಒಂದು ದಿನ ನನ್ನನ್ನು ಕರೆಸಿ, ಸರಕಾರಿ ಕೋಳಿ ಸಾಕಣೆಗೆ ಕಾಲುಬಳೆ ಪದ್ಧತಿ ತರಬೇಕಂತೆ, ಈ ಕೆಲಸ ಗೊತ್ತಿರುವವರು ಯಾರಿದ್ದಾರೆ ಎಂದು ಕೇಳಿದರು. "ಗುಬ್ಬಿಗೆ ತೊಡಿಸಿ ಗೊತ್ತಿದೆ ಸರ್," ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. ನಕ್ಕರು ಎಂದು ನೆನಪು. ನಗುವ ಸ್ವಭಾವದವರಲ್ಲ, ಆದ್ದರಿಂದ ಸಂದೇಹ ಇದೆ.

ಅರವತ್ತರ ದಶಕದ ನಡುವೆ, ಕಾಣಿಯೂರಿನಿಂದ ಒಂದು ಕರೆ ಬಂತು. ಶೇಷಪ್ಪ ರೈಗಳ ಮನೆಯಲ್ಲಿ ಹಸು ಕರು ಹಾಕಲು ಕಷ್ಟಪಡುತ್ತಿತ್ತು. ರೈಗಳು ಕುಶಾಲಪ್ಪ ಗೌಡರ ಸ್ನೇಹಿತರೆಂದು ನನಗೆ ಗೊತ್ತಿರಲಿಲ್ಲ. ಕರು ಹೊರಗೆ ಬಂತು, ಎದ್ದು ನಿಂತಿತು. ನಾನು ಕೈ ತೊಳೆಯಲು ಬಾವಿಕಟ್ಟೆಯ ಕಡೆ ಹೋದಾಗ ಪೀಪಿಯ ದನಿ ಕೇಳಿತು. ಜಗಲಿಯ ಮೂಲೆಯಲ್ಲಿ ಪಂಜರ, ಒಳಗೆ ಒಂದು ಜೋಡಿ. ಗಂಡಿಗೆ ವಯಸ್ಸಾಗಿತ್ತು, ಒಂದು ಕಾಲನ್ನು ಸ್ವಲ್ಪ ಎಳೆದು ನಡೆಯುತ್ತಿತ್ತು. ಆ ಕಾಲಲ್ಲಿ ಕಪ್ಪಾದ ಬಳೆ.

"ಇದು ಎಲ್ಲಿಂದ ಬಂತು ರೈಗಳೇ?"

"ಮರ್ಕಂಜದ ಗೌಡರು ಕೊಟ್ಟದ್ದು. ಕುಂಟ ಅಂತ ಅಲ್ಲಿ ಜೋಡಿ ಹಾಕಲಿಲ್ಲ ಅಂತೆ. ಗೌಡ್ರ ಹೆಂಡ್ತಿ ನಮ್ಮ ಮನೆಯವಳ ಕೈಯಲ್ಲಿ ಇಟ್ಟು, ಇದು ಸಾಯುವುದಿಲ್ಲ, ಹೆದರಬೇಡಿ ಅಂದ್ರಂತೆ. ಹೌದು ಮಾರಾಯ್ರೆ, ಇವನ ಮರಿಗಳು ಈಗ ರಾಮಕುಂಜದಲ್ಲೂ ಉಂಟು."

ನಾನು ಹಕ್ಕಿಯನ್ನು ಕೈಗೆ ತೆಗೆದುಕೊಂಡೆ. ಒದ್ದೆ ಬಟ್ಟೆಯಿಂದ ಬಳೆಯನ್ನು ಒರೆಸಿದೆ. ಚುಕ್ಕೆಗಾಗಿ ಹುಡುಕಿದೆ. ಬಳೆಯನ್ನು ಸುತ್ತ ತಿರುಗಿಸಿದೆ. ಚುಕ್ಕೆ ಇಲ್ಲ. ತುದಿ ಕೂಡಿದ ಗುರುತೂ ಇಲ್ಲ. ಒಂದು ಗೀಟು ಮಾತ್ರ.

ರೈಗಳು, "ಎಂತ ಆಯ್ತು ಡಾಕ್ಟ್ರೇ, ಕೂತ್ಕೊಳ್ಳಿ," ಎಂದದ್ದು ಕೇಳಿಸಿತು.

ಮುಂದಿನ ಭಾನುವಾರ ಪುಸ್ತಕ ಹಿಡಿದುಕೊಂಡು ಮರ್ಕಂಜಕ್ಕೆ ಹೋದೆ. ಗೌಡರು ಸುಳ್ಯಕ್ಕೆ ಹೋಗಿದ್ದರು. ಚಿನ್ನಮ್ಮ ಹಕ್ಕಿಮನೆಯೊಳಗೆ ಗುಡಿಸುತ್ತಿದ್ದರು. ಕಾಣಿಯೂರಿನಲ್ಲಿ ಕಂಡದ್ದನ್ನು ಹೇಳಿದೆ. ಅವರು ಗುಡಿಸುವುದನ್ನು ನಿಲ್ಲಿಸಲಿಲ್ಲ.

"ಇದೆಯಾ ಇನ್ನೂ? ಗಟ್ಟಿ ಜೀವ."

"ನಿಮಗೆ ಅದು ಎಲ್ಲಿ ಸಿಕ್ಕಿತು?"

"ನೀರಿನ ಚಟ್ಟಿಯ ಹಿಂದೆ. ನೀವು ಇಬ್ಬರು ಮಾಡು ನೋಡ್ತಾ ಇದ್ರಿ. ಬಾಯಿ ಬಿಡ್ತಿತ್ತು. ಸೆರಗಲ್ಲಿ ಕಟ್ಟಿಕೊಂಡೆ. ಆಚೆ ಕೋಣೆಯಲ್ಲಿ ಬೇರೆ ಜೋಡಿಯ ಗೂಡಲ್ಲಿ ಎರಡು ಸಣ್ಣ ಮರಿ ಇತ್ತು, ಬಳೆಗೆ ಇನ್ನೂ ದಿನ ಆಗದ್ದು, ಅದರ ಜೊತೆ ಇಟ್ಟೆ. ಇಡುವ ಮೊದಲು ಬಳೆಗೆ ಕಾಡಿಗೆ ಹಚ್ಚಿದೆ."

"ಹಾಗಾದ್ರೆ ನನಗೆ ಕಾಡಿಗೆ ಹೇಳಿದಾಗ..."

"ಒಂದಕ್ಕೆ ಹಚ್ಚಿ ನೋಡಿ ಆಗಿತ್ತಲ್ಲ."

ನಾನು ವಿಶ್ವವಿದ್ಯಾಲಯದಲ್ಲಿ ಕಲಿತವನು. ಪ್ರಯೋಗ ಮಾಡಿದವರು ಯಾರು ಎಂದು ಅಷ್ಟು ವರ್ಷವಾದ ಮೇಲೆ ತಿಳಿಯಿತು.

"ಆಗಲೇ ಏಕೆ ಹೇಳಲಿಲ್ಲ?"

ಈಗ ಅವರು ಪೊರಕೆ ಕೆಳಗಿಟ್ಟರು. "ಅದರ ಕಾಲು ತಿರುಚಿತ್ತು. ಬದುಕ್ತದಾ ಸಾಯ್ತದಾ ಯಾರಿಗೆ ಗೊತ್ತು? ನಿಮ್ಮ ಮುಖ ನೋಡ್ಲಿಕ್ಕೆ ಆಗ್ತಿರಲಿಲ್ಲ. ಒಂದೇ ಮರಿ ನಿಮಗೆ ಎರಡು ಸರ್ತಿ ಸಾಯುದು ಬೇಡ ಅಂತ ಸುಮ್ಮನಾದೆ, ಆಮೇಲೆ ಕಂಡ ಇವರನ್ನೂ ಸುಮ್ಮನಿರಿಸಿದೆ. ಬದುಕಿದ ಮೇಲೆ ಹೇಳುವ ಅಂದ್ರೆ ನೀವು ಬರಲೇ ಇಲ್ಲ. ನೀವು ಬರುವಾಗ ಅದನ್ನು ರೈಗಳಿಗೆ ಕೊಟ್ಟಾಗಿತ್ತು."

"ಆಮೇಲಾದರೂ ಹೇಳಬಹುದಿತ್ತು."

"ಆಮೇಲೆ ಎಂತ ಹೇಳುದು? ಐದು ಅಂತ ಪುಸ್ತಕದಲ್ಲಿ ಬರೆದಾಗಿದೆ. ಇವರು ಓದಿ ಹೇಳಿದ್ರು. ನಾನು ಅಕ್ಷರ ಇಲ್ಲದವಳು, ಬರೆದದ್ದಕ್ಕೆ ಎದುರು ಮಾತಾಡುದಾ?" ಎಂದು ನಕ್ಕರು. ನಗುವಿನಲ್ಲಿ ತುಸು ಚುಚ್ಚು ಇತ್ತು, ಇರಬೇಕಾದದ್ದೇ.

ನಾನು ಜಗಲಿಯಲ್ಲಿ, ಆ ದಿನ ಕೂತಿದ್ದ ಜಾಗದಲ್ಲೇ ಕೂತು, ಹಾಳೆ ತೆರೆದು, "ಐದೂ ಸತ್ತವು" ಎಂಬುದಕ್ಕೆ ಅಡ್ಡಗೀಟು ಎಳೆದು ಮೇಲೆ ಬರೆದೆ.

"ಎಂತ ಬರೆದ್ರಿ? ಓದಿ ಹೇಳಿ."

"ನಾಲ್ಕು ಸತ್ತವು, ಕಾರಣ ಬಳೆ. ಒಂದು ಬದುಕಿತು, ತಿಳಿದದ್ದು ಬಳೆಯಿಂದ. ಬದುಕಿಸಿದ್ದು ಚಿನ್ನಮ್ಮ."

"ಕಾಡಿಗೆ ಬರೆಯಲಿಲ್ಲ," ಎಂದರು. ಅದನ್ನೂ ಬರೆದೆ.

ಇದಿಷ್ಟು, ಬಳೆ ತೊಡಿಸಬೇಕೋ ಬೇಡವೋ ಎಂದು ಕೇಳಿದವರಿಗೆ ನನ್ನ ಉತ್ತರ. ತೊಡಿಸಿ. ತೊಡಿಸಿದ ದಿನ ಊಟಕ್ಕೆ ಕೂರಬೇಡಿ.

ಆ ಮಧ್ಯಾಹ್ನ ಚಿನ್ನಮ್ಮ ಒಳಗೆ ಹೋಗುವಾಗ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಆಗಲೇ ಕಂಡದ್ದೋ, ಕಥೆ ತಿಳಿದ ಮೇಲೆ ನಾನೇ ಸೇರಿಸಿದ್ದೋ ಹೇಳಲಾರೆ. ಇನ್ನೊಂದು ವಿಚಿತ್ರ. ಇಷ್ಟೆಲ್ಲ ಗೊತ್ತಿದ್ದೂ, ಕಣ್ಣು ಮುಚ್ಚಿದರೆ ಆ ಕಲ್ಲಿನ ನೆಲದ ಮೇಲೆ ನನಗೆ ಕಾಣುವುದು ಐದು ಮರಿಗಳೇ. ಎದ್ದು ಹೋಗಿ ಪುಸ್ತಕ ತೆಗೆದು ನೋಡುತ್ತೇನೆ. ನಾಲ್ಕು.